ರಿಯಾಸೋರಿನ ಲೆಕ್ಕಪತ್ರ

— ಮಾವ, ದೆಪೋರ್ತಿವೊ ಲಾ ಕೊರುನ್ಯಾ ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು, ನೀವು ‘ಎಂಥಾ ತಂಡ, ಎಂಥಾ ತಂಡ’ ಅಂತ ಶುರು ಮಾಡ್ತೀರಿ. ಅಂಥಾ ತಂಡ ಸ್ಪೇನಿನ ಮೂರನೇ ದರ್ಜೆಗೆ ಹೇಗೆ ಬಿತ್ತು ಅನ್ನೋದನ್ನ ಮಾತ್ರ ಇವತ್ತಿನವರೆಗೂ ಹೇಳಿಲ್ಲ. ನಾನು ಆಡಿಟರ್. ನನಗೆ ಬೇಕಾಗಿರೋದು ಅದೇ.

— ಬಿದ್ದದ್ದು ಕೇಳೋಕೆ ಮುಂಚೆ ಎದ್ದದ್ದು ಕೇಳಬೇಡವೇನಮ್ಮ? ಊರು ಎಷ್ಟು ದೊಡ್ಡದು ಅಂದುಕೊಂಡಿದ್ದೀಯ? ಎರಡೂವರೆ ಲಕ್ಷ ಜನ ಇರಬಹುದು. ನಮ್ಮ ಶಿವಮೊಗ್ಗಕ್ಕಿಂತ ಚಿಕ್ಕದು. ಸ್ಪೇನಿನ ವಾಯವ್ಯದ ತುದಿ, ಗಲೀಸಿಯಾ ಅನ್ನೋ ಮಳೆನಾಡು. ಸ್ವಂತ ಭಾಷೆ ಇದೆ, ಮೀನುಗಾರಿಕೆ ಇದೆ, ರೋಮನ್ನರು ಕಟ್ಟಿಸಿ ಇವತ್ತಿಗೂ ಉರಿಯೋ ಒಂದು ದೀಪಸ್ತಂಭ ಇದೆ. ಸಮುದ್ರದ ದಂಡೆಗೆ ಒತ್ತಿಕೊಂಡ ಹಾಗೆ ರಿಯಾಸೋರ್ ಕ್ರೀಡಾಂಗಣ. ಕ್ಲಬ್ ಹುಟ್ಟಿದ್ದು 1906ರಲ್ಲಿ. ಲಾ ಲಿಗಾ ಗೆಲ್ಲೋಕೆ ತೊಂಬತ್ತನಾಲ್ಕು ವರ್ಷ ಬೇಕಾಯ್ತು. ಆ ಲೀಗನ್ನ ಇವತ್ತಿನವರೆಗೆ ಗೆದ್ದಿರೋ ಕ್ಲಬ್ಬುಗಳು ಒಟ್ಟು ಒಂಬತ್ತೇ. ಆ ಪಟ್ಟಿಗೆ ಕಡೆಯದಾಗಿ ಸೇರಿದ ಹೆಸರು ಇದು.

— ದುಡ್ಡು ಎಲ್ಲಿಂದ ಬಂತು?

— ಅಲ್ಲಿಗೇ ಬಂದೆಯಾ! ಇರು. 1988ರಲ್ಲಿ ಕ್ಲಬ್ಬು ಎರಡನೇ ದರ್ಜೆಯಿಂದಲೂ ಕೆಳಗೆ ಬೀಳೋದರಲ್ಲಿತ್ತು. ಕೊನೇ ಪಂದ್ಯದ ಕೊನೇ ಗಳಿಗೆಯ ಒಂದು ಗೋಲಿನಿಂದ ಬಚಾವಾಯ್ತು. ಮೈತುಂಬ ಸಾಲ. ಆ ಬೇಸಿಗೆಯಲ್ಲಿ ಅಗುಸ್ತೊ ಸೆಸಾರ್ ಲೆಂದೊಯ್ರೊ ಅನ್ನೋ ಮನುಷ್ಯ ಅಧ್ಯಕ್ಷ ಆದ. ಅದಕ್ಕೆ ಮುಂಚೆ ಗಾಲಿ ಸ್ಕೇಟು ಹಾಕಿಕೊಂಡು ಆಡೋ ಹಾಕಿಯ ಕ್ಲಬ್ಬೊಂದನ್ನ ಕಟ್ಟಿ ಯುರೋಪಿಗೇ ಚಾಂಪಿಯನ್ ಮಾಡಿದ್ದ. ರಾಜಕಾರಣಿಯೂ ಹೌದು, ಆಮೇಲೆ ಸೆನೆಟ್ಟಿಗೂ ಹೋದ. ಮೂರು ವರ್ಷಕ್ಕೆ, 1991ರ ಜೂನ್‌ನಲ್ಲಿ, ತಂಡ ಮೊದಲ ದರ್ಜೆಗೆ ಬಡ್ತಿ ಪಡೀತು, ಹದಿನೆಂಟು ವರ್ಷದ ಮೇಲೆ. ಆ ಪಂದ್ಯದ ದಿನ ಕ್ರೀಡಾಂಗಣದ ಚಾವಣಿಗೇ ಬೆಂಕಿ ಬಿತ್ತು. ಆರಿಸಿ ಆಡಿದರು.

— ಅದು ಶಕುನ ಅಂತ ಯಾರಿಗೂ ಅನ್ನಿಸಲಿಲ್ಲವಾ?

— ನಿನ್ನಂಥವರಿಗೆ ಅನ್ನಿಸಿರಬಹುದು. ಮುಂದಿನ ವರ್ಷ ಬ್ರೆಜಿಲಿನಿಂದ ಬೆಬೆತೊ ಬಂದ, ಮೌರೊ ಸಿಲ್ವಾ ಬಂದ. ಇಬ್ಬರೂ 1994ರಲ್ಲಿ ವಿಶ್ವಕಪ್ ಗೆದ್ದವರು. ಈ ಮಳೆ ಊರಿಗೆ ಅಂಥವರು ಯಾಕೆ ಬಂದರು ಅನ್ನೋದೇ ಆಗ ಎಲ್ಲರ ಬೆರಗು. ಬೆಬೆತೊ ಮೊದಲ ವರ್ಷವೇ 29 ಗೋಲು ಹೊಡೆದು ಲೀಗಿಗೇ ಮೊದಲಿಗನಾದ. ತರಬೇತುದಾರ ಆರ್ಸೇನಿಯೊ ಇಗ್ಲೇಸಿಯಸ್, ಪಕ್ಕದ ಆರ್ತೇಯ್ಶೊ ಊರಿನವನೇ. ಜನ ಅವನನ್ನ ಮಾಟಗಾರ ಅಂತ ಕರೀತಿದ್ದರು. 1993–94ರ ಸಾಲಿನಲ್ಲಿ 38 ಪಂದ್ಯಕ್ಕೆ ಅವರ ಗೋಲ್‌ಕೀಪರ್ ಲಿಯಾನ್ಯೊ ಬಿಟ್ಟುಕೊಟ್ಟದ್ದು ಹದಿನೆಂಟು ಗೋಲು. ಮೊದಲು ಗೋಡೆ ಕಟ್ಟು, ಆಮೇಲೆ ಕಿಟಕಿ ಇಡು ಅನ್ನೋ ಪೈಕಿ ಆ ಮುದುಕ.

— ಆ ವರ್ಷವೇ ಅಲ್ಲವಾ ಪೆನಾಲ್ಟಿ ಕಥೆ?

— ಅದೇ. 14 ಮೇ 1994. ಕೊನೇ ಪಂದ್ಯ, ಸ್ವಂತ ಮೈದಾನ, ಎದುರಾಳಿ ವಲೆನ್ಸಿಯಾ. ಗೆದ್ದರೆ ಲೀಗ್ ಇವರದು. ಅತ್ತ ಬಾರ್ಸಿಲೋನಾ ಸೆವಿಯ್ಯಾ ತಂಡಕ್ಕೆ ಐದು ಹೊಡೆದು ಕಿವಿಗೆ ರೇಡಿಯೊ ಹಚ್ಚಿಕೊಂಡು ಕೂತಿದೆ. ಇತ್ತ 89 ನಿಮಿಷ ಕಳೆದರೂ ಸೊನ್ನೆ-ಸೊನ್ನೆ. ಆಗ ಪೆನಾಲ್ಟಿ ಸಿಕ್ಕಿತು. ಸಾಮಾನ್ಯವಾಗಿ ಒದೆಯೋ ದೊನಾತೊನನ್ನ ಅಷ್ಟರಲ್ಲಿ ಹೊರಗೆ ಕರೆಸಿಕೊಂಡಿದ್ದರು. ಬೆಬೆತೊ ಮುಂದೆ ಬರಲಿಲ್ಲ. ಚೆಂಡು ಹಿಡಿದು ನಿಂತವನು ಮಿರೊಸ್ಲಾವ್ ಜುಕಿಚ್, ಸರ್ಬಿಯಾದ ಡಿಫೆಂಡರ್. ಉಸಿರು ಎಳೆದುಕೊಂಡ, ಬಿಟ್ಟ, ಮತ್ತೆ ಎಳೆದುಕೊಂಡ. ಒದ್ದ ಚೆಂಡು ಮೆತ್ತಗೆ ಗೋಲ್‌ಕೀಪರ್ ಗೊನ್ಸಾಲೆಸ್‌ನ ಕೈಗೇ ಹೋಯಿತು. ಇಬ್ಬರಿಗೂ 56 ಅಂಕ. ಪರಸ್ಪರ ಆಡಿದ ಪಂದ್ಯಗಳ ಲೆಕ್ಕ ತೆಗೆದರೆ ಬಾರ್ಸಿಲೋನಾ ಮೇಲೆ. ಟ್ರೋಫಿ ಅವರಿಗೆ ಹೋಯಿತು.

— ಒಂದು ಒದೆತಕ್ಕೆ ಒಂದು ಲೀಗ್.

— ಕೇಳು, ಇದರ ಬಾಲ ಇನ್ನೂ ಉದ್ದ ಇದೆ. ಆರು ವರ್ಷ ಆದಮೇಲೆ, 19 ಮೇ 2000, ಅದೇ ರಿಯಾಸೋರ್, ಎಸ್ಪಾನ್ಯೊಲ್ ವಿರುದ್ಧ ಲೀಗಿನ ಕೊನೇ ಪಂದ್ಯ. ಮೂರನೇ ನಿಮಿಷಕ್ಕೆ ತಲೆಯಿಂದ ಗೋಲು ಹೊಡೆದವನು ಯಾರು? ದೊನಾತೊ! ಅವತ್ತು ಹೊರಗೆ ಕೂತು ಪೆನಾಲ್ಟಿ ನೋಡಿದವನು. ವಯಸ್ಸು 37. ಎರಡನೆಯದು ರಾಯ್ ಮಕಾಯ್ ಹೊಡೆದ. ಲೀಗ್ ಬಂತು. ಆ ಹೊತ್ತಿಗೆ ಜುಕಿಚ್ ವಲೆನ್ಸಿಯಾ ಸೇರಿಕೊಂಡಿದ್ದ. ಅವನಿಗೂ ಲೀಗ್ ಪದಕ ಸಿಕ್ಕಿತು, 2002ರಲ್ಲಿ, ವಲೆನ್ಸಿಯಾ ಕಡೆಯಿಂದ. ಆ ವರ್ಷ ಎರಡನೇ ಸ್ಥಾನಕ್ಕೆ ನಿಂತದ್ದು ದೆಪೋರ್ತಿವೊ.

— ನೀವು ಕಥೆ ಕಟ್ಟಿ ಹೇಳ್ತಿದ್ದೀರಾ ಅನ್ನಿಸುತ್ತೆ.

— ದಾಖಲೆ ತೆಗೆದು ನೋಡಿಕೋ. ಲೀಗ್ ಗೆದ್ದ ವರ್ಷ ಅವರು ಹನ್ನೊಂದು ಪಂದ್ಯ ಸೋತರು. ಬರೀ 69 ಅಂಕ. ಮ್ಯಾಡ್ರಿಡ್, ಬಾರ್ಸಿಲೋನಾ ಎರಡೂ ಎಡವಿದ ವರ್ಷ ಅದು ಅಂತ ಹೀಗಳೆಯೋರಿದ್ದಾರೆ. ನಾನೂ ಒಪ್ಪುತ್ತೇನೆ. ಆದರೆ ಎಡವಿದಾಗ ಅಲ್ಲಿ ನಿಂತಿರಬೇಕಲ್ಲ? ಅದರ ಮುಂದಿನ ನಾಲ್ಕು ವರ್ಷದಲ್ಲಿ ಎರಡು, ಎರಡು, ಮೂರು, ಮೂರನೇ ಸ್ಥಾನ. ಸತತ ಐದು ಸಲ ಚಾಂಪಿಯನ್ಸ್ ಲೀಗ್. ಓಲ್ಡ್ ಟ್ರಾಫರ್ಡ್‌ನಲ್ಲಿ ಗೆದ್ದರು, ಆರ್ಸೆನಲ್‌ನ ಹೈಬರಿಯಲ್ಲಿ ಗೆದ್ದರು, ಮ್ಯೂನಿಕ್‌ನಲ್ಲಿ ಗೆದ್ದರು. ಅಲ್ಲಿ ಮಕಾಯ್ ಒಬ್ಬನೇ ಮೂರು ಹೊಡೆದ. ಅವರ ತರಬೇತುದಾರ ಹವಿಯೆರ್ ಇರುರೇತಾ, ನೋಡಿದರೆ ಪಂಚಾಯಿತಿ ಕಾರ್ಯದರ್ಶಿ ಥರ ಇದ್ದ. ಅವನ ಬಗ್ಗೆ ಬರೆದವರು ಕಡಿಮೆ. ಹೊಳಪಿಲ್ಲದ ಮನುಷ್ಯರ ಬಗ್ಗೆ ಯಾರು ಬರೀತಾರೆ ಹೇಳು.

— ಮ್ಯಾಡ್ರಿಡ್‌ನ ಹುಟ್ಟುಹಬ್ಬ ಕೆಡಿಸಿದ್ದೂ ಇವರೇ ತಾನೆ? ಅದೊಂದು ಕೇಳಿದ್ದೀನಿ.

— 6 ಮಾರ್ಚ್ 2002. ರಿಯಲ್ ಮ್ಯಾಡ್ರಿಡ್‌ಗೆ ಅವತ್ತಿಗೆ ಸರಿಯಾಗಿ ನೂರು ವರ್ಷ. ಸ್ಪೇನಿನ ಕಪ್ ಫೈನಲನ್ನ ಅದೇ ದಿನಕ್ಕೆ, ಅವರದೇ ಬರ್ನಬೇವು ಮೈದಾನಕ್ಕೆ ಗೊತ್ತು ಮಾಡಿದ್ದರು. ಜಿದಾನ್, ಫಿಗೊ, ರಾವುಲ್ ಎಲ್ಲ ಇದ್ದಾರೆ. ಸೆರ್ಜಿಯೊ ಒಂದು, ತ್ರಿಸ್ತಾನ್ ಒಂದು. 2–1ಕ್ಕೆ ಗೆದ್ದು ಕಪ್ ಎತ್ತಿಕೊಂಡು ಗಲೀಸಿಯಾಕ್ಕೆ ಹೊರಟೇಬಿಟ್ಟರು. ಮದುವೆ ಮನೆಗೆ ಬಂದ ನೆಂಟರು ಗಂಡನ್ನೇ ಹೊತ್ತುಕೊಂಡು ಹೋದ ಹಾಗೆ.

— ಸರಿ ಮಾವ. ಇಷ್ಟೆಲ್ಲ ಆಟಗಾರರ ಸಂಬಳ ಯಾರು ಕೊಟ್ಟರು?

— ಟಿವಿ.

— ಟಿವಿ ಅಂದರೆ?

— ತೊಂಬತ್ತರ ದಶಕದ ಕೊನೆಗೆ ಸ್ಪೇನಿನಲ್ಲಿ ಎರಡು ಉಪಗ್ರಹ ಟಿವಿ ಕಂಪನಿಗಳು ಜಿದ್ದಿಗೆ ಬಿದ್ದವು. ಕ್ಲಬ್ಬುಗಳು ತಮ್ಮ ತಮ್ಮ ಪ್ರಸಾರದ ಹಕ್ಕನ್ನ ತಾವೇ ಮಾರಿಕೊಳ್ಳಬಹುದಿತ್ತು. ಹರಾಜಿನಲ್ಲಿ ಇಬ್ಬರು ಹಟಮಾರಿಗಳು ಕೈ ಎತ್ತುತ್ತಾ ಹೋದರೆ ಏನಾಗುತ್ತೆ? ಬೆಲೆ ಆಕಾಶಕ್ಕೆ. 1995ರ ಬೋಸ್ಮನ್ ತೀರ್ಪಿನ ಮೇಲೆ ಯುರೋಪಿನ ಆಟಗಾರರು ಕರಾರು ಮುಗಿದ ಕೂಡಲೇ ಎಲ್ಲಿಗೆ ಬೇಕಾದರೂ ಹೋಗಬಹುದಾಗಿತ್ತು. ಹಾಗಾಗಿ ಬಂದ ದುಡ್ಡೆಲ್ಲ ಸಂಬಳಕ್ಕೇ ಹೋಯಿತು. ಲೆಂದೊಯ್ರೊ ಚೌಕಾಸಿಯಲ್ಲಿ ಪ್ರವೀಣ. 1997ರಲ್ಲಿ ರಿವಾಲ್ಡೊನನ್ನ ಬಾರ್ಸಿಲೋನಾ ಎತ್ತಿಕೊಂಡು ಹೋದಾಗ 400 ಕೋಟಿ ಪೆಸೆಟಾ ಎಣಿಸಿಕೊಂಡ. ಆದರೆ ಬಂದದ್ದನ್ನ ಕೂಡಿಡೋ ಪೈಕಿ ಅಲ್ಲ. ಒಬ್ಬನನ್ನ ಮಾರಿದರೆ ನಾಲ್ವರನ್ನ ತರೋನು.

— ಮತ್ತೆ ಟಿವಿ ಜಿದ್ದು?

— 2003ರಲ್ಲಿ ಆ ಎರಡು ಕಂಪನಿಗಳೂ ಒಂದಾದವು.

— ಅಲ್ಲಿಗೆ ಮುಗೀತು.

— ಏನು ಮುಗೀತು? 2004ರ ವಸಂತ ಇನ್ನೂ ಬಂದೇ ಇಲ್ಲ!

— ಮಾವ, ನಿಮಗೆ ವಸಂತ. ನನಗೆ ಅದು ಹರಾಜಿನಲ್ಲಿ ಒಬ್ಬನೇ ಉಳಿದ ದಿನ. ಕೊಳ್ಳೋನು ಒಬ್ಬನೇ ಆದರೆ ಬೆಲೆ ಅವನು ಹೇಳಿದ್ದು. ಮ್ಯಾಡ್ರಿಡ್, ಬಾರ್ಸಿಲೋನಾ ಹೇಗೂ ದೊಡ್ಡ ಪಾಲು ಹೊಡೆದುಕೊಳ್ತವೆ. ಕುಗ್ಗೋದು ಉಳಿದವರ ಪಾಲು. ಈ ಕಡೆ ಆಟಗಾರರಿಗೆ ಸಹಿ ಹಾಕಿಕೊಟ್ಟಿರೋದು ನಾಲ್ಕೈದು ವರ್ಷದ ಕರಾರು, ಅದೂ ಚಾಂಪಿಯನ್ಸ್ ಲೀಗ್ ಆಡ್ತಾನೇ ಇರ್ತೀವಿ ಅನ್ನೋ ಅಂದಾಜಿನ ಮೇಲೆ. ಆದಾಯ ವರ್ಷ ವರ್ಷ ಬದಲಾಗುತ್ತೆ, ಖರ್ಚು ಬದಲಾಗಲ್ಲ. ಒಂದು ವರ್ಷ ಐದನೇ ಸ್ಥಾನಕ್ಕೆ ಇಳಿದರೆ ಇಡೀ ಕಟ್ಟಡ ಅಲ್ಲಾಡುತ್ತೆ.

— ನೀನು ಹೇಳೋದು ಸರಿಯೇ ಇದೆ. ಆದರೂ 2004ರ ಏಪ್ರಿಲ್ 7ನ್ನ ಬಿಟ್ಟು ಮುಂದೆ ಹೋಗೋಕೆ ನಾನು ಬಿಡಲ್ಲ. ಎದುರಾಳಿ ಎಸಿ ಮಿಲಾನ್, ಆಗಿನ ಯುರೋಪಿನ ಚಾಂಪಿಯನ್. ಮಾಲ್ದಿನಿ, ನೆಸ್ತಾ, ಕಾಫು, ಪಿರ್ಲೊ, ಕಾಕಾ, ಶೆವ್ಚೆಂಕೊ. ಮೊದಲ ಚರಣದಲ್ಲಿ ಮಿಲಾನ್ 4–1ಕ್ಕೆ ಗೆದ್ದಿತ್ತು. ಅಷ್ಟು ದೊಡ್ಡ ಅಂತರ ತುಂಬಿಕೊಂಡವರು ಚಾಂಪಿಯನ್ಸ್ ಲೀಗಿನಲ್ಲಿ ಅಲ್ಲಿಯವರೆಗೆ ಇರಲಿಲ್ಲ. ನಮಗೆ ರಾತ್ರಿ ಹನ್ನೆರಡೂಕಾಲಕ್ಕೆ ಪಂದ್ಯ. ಐದನೇ ನಿಮಿಷಕ್ಕೆ ಪಂದಿಯಾನಿ ಬಾಕ್ಸಿನೊಳಗೆ ತಿರುಗಿ ಎಡಗಾಲಲ್ಲಿ ಹೊಡೆದ. ಆಮೇಲೆ ವಲೆರೋನ್. ಅಬ್ಬ, ಆ ವಲೆರೋನ್! ಓಡ್ತಾನೇ ಇರಲಿಲ್ಲ ಕಣಮ್ಮ, ಚೆಂಡನ್ನ ಮಾತ್ರ ಓಡಿಸೋನು. ಕುಳ್ಳನಲ್ಲ, ಬಲಶಾಲಿಯಲ್ಲ, ಯಾರನ್ನೂ ನೂಕಲ್ಲ. ನಾಲ್ಕು ಜನರ ನಡುವೆ ಸಂದು ಎಲ್ಲಿದೆ ಅಂತ ಅವನಿಗೆ ಮೊದಲೇ ಗೊತ್ತಿರ್ತಿತ್ತು. ಅವತ್ತು ತಲೆಯಿಂದ ಹೊಡೆದ. ಅರ್ಧ ವಿರಾಮಕ್ಕೆ ಒಂದು ನಿಮಿಷ ಇರುವಾಗ ಲೂಕೆ ಎಡಗಡೆಯಿಂದ ನುಗ್ಗಿ ಮೂರನೆಯದು. ಎದುರಾಳಿ ಮೈದಾನದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಅಲ್ಲಿಗೇ ಇವರು ಮುಂದೆ. ಕೊನೆಗೆ ಫ್ರಾನ್, ಗಲೀಸಿಯಾದ ಹುಡುಗ, 1988ರಿಂದ ಇದೊಂದೇ ಕ್ಲಬ್ಬಿಗೆ ಆಡಿದವನು, ಬದಲಿಯಾಗಿ ಬಂದು ನಾಲ್ಕನೆಯದು. 4–0. ಗೆದ್ದರೆ ನಡೆದುಕೊಂಡು ಸಾಂತಿಯಾಗೊ ಯಾತ್ರಾಸ್ಥಳಕ್ಕೆ ಹೋಗ್ತೀನಿ ಅಂತ ಇರುರೇತಾ ಹರಕೆ ಹೊತ್ತಿದ್ದ. ನಡೆದೂ ಹೋದ.

— ಸೆಮಿಫೈನಲ್?

— ಪೋರ್ತೊ. ಮೊರಿನ್ಯೊನ ಪೋರ್ತೊ. ಎರಡು ಪಂದ್ಯ ಸೇರಿ ಒಂದೇ ಗೋಲು, ಅದೂ ರಿಯಾಸೋರಿನಲ್ಲಿ ಡೆರ್ಲೆಯ್ ಹೊಡೆದ ಪೆನಾಲ್ಟಿ. ಮೊದಲ ಪಂದ್ಯದಲ್ಲಿ ಇವರ ಡಿಫೆಂಡರ್ ಜೋರ್ಜೆ ಆಂದ್ರಾದೆ ಕೆಳಗೆ ಬಿದ್ದಿದ್ದ ಹಳೇ ಗೆಳೆಯ ದೇಕೊನನ್ನ ತಮಾಷೆಗೆ ಕಾಲಿಂದ ತಿವಿದ. ರೆಫರಿ ಕೆಂಪು ಕಾರ್ಡ್ ತೆಗೆದ. ಎರಡನೇ ಪಂದ್ಯಕ್ಕೆ ಅವನಿಲ್ಲ. ಸಲಿಗೆಗೂ ದಂಡ ಬೀಳುತ್ತೆ ನೋಡು.

— ಮುಂದಿನ ವರ್ಷದ ಚಾಂಪಿಯನ್ಸ್ ಲೀಗ್?

— ಗುಂಪು ಹಂತದಲ್ಲಿ ಆರು ಪಂದ್ಯ. ಒಂದು ಗೋಲೂ ಇಲ್ಲ.

— ಒಂದೂ?

— ಒಂದೂ ಇಲ್ಲ. ಮಕಾಯ್‌ನನ್ನ 2003ರಲ್ಲೇ ಬಾಯರ್ನ್‌ಗೆ ಮಾರಿದ್ದರು, ಯುರೋಪಿಗೆಲ್ಲ ಹೆಚ್ಚು ಗೋಲು ಹೊಡೆದು ಚಿನ್ನದ ಬೂಟು ಗೆದ್ದ ಬೇಸಿಗೆಯಲ್ಲೇ. ಉಳಿದವರಿಗೆ ವಯಸ್ಸಾಗಿತ್ತು. 2005ರಲ್ಲಿ ಇರುರೇತಾ ಹೋದ, ಫ್ರಾನ್ ನಿವೃತ್ತ, ಮೌರೊ ಸಿಲ್ವಾ ನಿವೃತ್ತ. ಆಮೇಲಿನ ಆರು ವರ್ಷ ನನಗೆ ಸರಿಯಾಗಿ ನೆನಪೂ ಇಲ್ಲ. 2011ರ ಮೇ 21ಕ್ಕೆ ಮತ್ತೆ ಕೊನೇ ಪಂದ್ಯ, ಮತ್ತೆ ರಿಯಾಸೋರ್, ಮತ್ತೆ ಅದೇ ವಲೆನ್ಸಿಯಾ. 0–2. ಎರಡನೇ ದರ್ಜೆಗೆ ಹಿಂಬಡ್ತಿ. 43 ಅಂಕ ತೆಗೆದಿದ್ದರು, ಬೇರೆ ವರ್ಷವಾಗಿದ್ದರೆ ಅಷ್ಟಕ್ಕೇ ಉಳಿದುಕೊಳ್ಳಬಹುದಿತ್ತು. ಮುಂದಿನ ವರ್ಷ ಏರಿದರು, ಅದರ ಮುಂದಿನ ವರ್ಷ ಇಳಿದರು.

— ಮತ್ತೆ ದಿವಾಳಿ.

— ದಿವಾಳಿ ಅಲ್ಲ, ನ್ಯಾಯಾಲಯದ ರಕ್ಷಣೆ ಕೇಳಿದರು. 2013ರ ಜನವರಿ.

— ಮಾವ, ನಮ್ಮ ಕಡೆ ಅದಕ್ಕೆ ಏನಂತಾರೆ ಅಂತ ನನಗೆ ಗೊತ್ತು. ಹದಿನೈದು ಕೋಟಿ ಯೂರೋಗೂ ಮೀರಿದ ಸಾಲ. ಅದರಲ್ಲಿ ಎಲ್ಲರಿಗಿಂತ ದೊಡ್ಡ ಬಾಕಿ ಯಾರದು? ತೆರಿಗೆ ಇಲಾಖೆಯದು. ಇದನ್ನ ನಾನೂ ಓದಿಕೊಂಡೇ ಬಂದಿದ್ದೀನಿ. ಆ ಇಲಾಖೆ ಕ್ಲಬ್ಬಿಗೆ ಬರಬೇಕಾಗಿದ್ದ ದುಡ್ಡನ್ನ ದಾರೀಲೇ ಜಪ್ತಿ ಮಾಡೋಕೆ ಶುರು ಮಾಡಿದ ಮೇಲೆ ಬೇರೆ ದಾರಿ ಇರಲಿಲ್ಲ. ಅಂದರೆ ಏನಾಯ್ತು? ಆಟಗಾರರಿಗೆ ಸಂಬಳ ಹೋಯಿತು, ಸರ್ಕಾರಕ್ಕೆ ಹೋಗಬೇಕಾದ್ದು ಹೋಗಲಿಲ್ಲ. ನಿಮ್ಮ ವಲೆರೋನ್ ಸಂದು ಹುಡುಕಿ ಚೆಂಡು ಕೊಟ್ಟಾಗ ಸ್ಪೇನಿನ ಇನ್ಯಾವುದೋ ಊರಿನ ಟೀಚರಮ್ಮನೂ ಅದರಲ್ಲಿ ಒಂದು ಪಾಲು ಕಟ್ಟುತ್ತಿದ್ದಳು. ಅವಳಿಗೆ ಅದು ಗೊತ್ತೇ ಇರಲಿಲ್ಲ.

— ವಲೆರೋನ್‌ಗೋಸ್ಕರ ನಾನಾಗಿದ್ದರೆ ಕಟ್ಟುತ್ತಿದ್ದೆ.

— ನೀವು ಕಟ್ಟುತ್ತಿದ್ದಿರಿ. ಅವಳನ್ನ ಯಾರು ಕೇಳಿದರು?

— ಆ ಕಾಲದ ಸ್ಪೇನ್ ಎಲ್ಲ ಹಾಗೇ ಇತ್ತಮ್ಮ. ಜನ ಇಲ್ಲದ ಊರಿಗೆ ವಿಮಾನ ನಿಲ್ದಾಣ ಕಟ್ಟಿದ ದೇಶ. ಗಲೀಸಿಯಾದ ಉಳಿತಾಯ ಬ್ಯಾಂಕುಗಳೇ ಮುಳುಗಿದವು. ಎರಡನ್ನ ಸೇರಿಸಿ ಒಂದು ಮಾಡಿದರು, ಅದನ್ನ ಸರ್ಕಾರ ವಶಕ್ಕೆ ತಗೊಂಡಿತು, ಕೊನೆಗೆ ವೆನೆಜುವೆಲಾದ ಒಂದು ಬ್ಯಾಂಕಿನವರಿಗೆ ಮಾರಿತು. ಅದೇ ಈಗಿನ ಅಬಾಂಕಾ. ಬ್ಯಾಂಕಿನವರೇ ಹಾಗಿದ್ದಾಗ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷನೊಬ್ಬನೇ ಋಷಿಯಾಗಿರಬೇಕಿತ್ತೇ?

— ಎಲ್ಲರೂ ಮಾಡಿದರು ಅನ್ನೋದು ನನ್ನ ಮುಂದೆ ಕೂತ ಪ್ರತಿಯೊಬ್ಬ ಫೈನಾನ್ಸ್ ಮ್ಯಾನೇಜರೂ ಹೇಳೋ ಮಾತು. ಇನ್ನೊಂದು ಕೇಳ್ತೀನಿ. ಅದೇ ಊರಿನಲ್ಲಿ ಜಾರಾ ಬಟ್ಟೆ ಕಂಪನಿಯ ಅಮಾನ್ಸಿಯೊ ಒರ್ತೇಗಾ ಇದ್ದಾನೆ. 1975ರಲ್ಲಿ ಮೊದಲ ಅಂಗಡಿ ತೆಗೆದದ್ದೂ ಅಲ್ಲೇ. ಜಗತ್ತಿನ ಅತಿ ಶ್ರೀಮಂತರಲ್ಲಿ ಒಬ್ಬ. ಅವನು ಯಾಕೆ ಕೈಹಿಡಿಯಲಿಲ್ಲ?

— ಅವನು ಕ್ಲಬ್ಬನ್ನ ಕೊಳ್ಳಲಿಲ್ಲ, ಅಷ್ಟೆ. ಕೊಳ್ಳೋದು ಸುಲಭವೂ ಇರಲಿಲ್ಲ. 1992ರ ಹೊತ್ತಿಗೆ ಕಾನೂನು ಬಂದು ಬಹುತೇಕ ಕ್ಲಬ್ಬುಗಳು ಷೇರು ಕಂಪನಿಗಳಾಗಬೇಕಾಯ್ತು. ಬೇರೆ ಊರುಗಳಲ್ಲಿ ಒಬ್ಬ ದೊಡ್ಡ ಗುತ್ತಿಗೆದಾರ ಬಂದು ಎಲ್ಲ ಷೇರನ್ನೂ ಎತ್ತಿಕೊಂಡ. ಇಲ್ಲಿ ಲೆಂದೊಯ್ರೊ ಅದನ್ನ ಊರಿಗೆಲ್ಲ ಹಂಚಿದ. ಸಾವಿರಾರು ಜನ, ಒಬ್ಬೊಬ್ಬರ ಕೈಲಿ ಒಂದೋ ಎರಡೋ ಷೇರು. ಅವನನ್ನ ಎಷ್ಟಾದರೂ ಬೈಯಿ, ಈ ಒಂದು ಕೆಲಸಕ್ಕೆ ಬೈಯಬೇಡ.

— ಇದು ನೀವು ಹೇಳಿದ್ದರಲ್ಲಿ ಮೊದಲ ಗಟ್ಟಿ ಮಾತು.

— ನಮ್ಮಲ್ಲಿ ಏನಾಯ್ತು ನೋಡು. ಪಂಜಾಬಿನ ಫಗ್ವಾಡದ ಜೆಸಿಟಿ ಗಿರಣಿ ತಂಡ. ನ್ಯಾಷನಲ್ ಫುಟ್‌ಬಾಲ್ ಲೀಗ್ ಶುರುವಾದ 1996–97ರಲ್ಲೇ ಚಾಂಪಿಯನ್. ವಿಜಯನ್ ಇದ್ದ, ಭುಟಿಯಾ ಇದ್ದ, ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಇದ್ದ. 2011ರಲ್ಲಿ ಮಾಲೀಕರು ತಂಡ ಮುಚ್ಚಿದ್ದೇವೆ ಅಂದರು, ಮುಚ್ಚಿಹೋಯಿತು. ಇಲ್ಲಿ ಐಟಿಐ ತಂಡವೂ ಕಾರ್ಖಾನೆ ಸೊರಗಿದ ಹಾಗೆ ಸೊರಗಿತು. ಮೈದಾನಕ್ಕೆ ಬಂದು ‘ಇದು ನಮ್ಮದು, ಮುಚ್ಚೋಕೆ ಬಿಡಲ್ಲ’ ಅನ್ನೋ ಹಕ್ಕು ಯಾರ ಕೈಯಲ್ಲೂ ಇರಲಿಲ್ಲ. ದೆಪೋರ್ತಿವೊ ಮೈಮೇಲೆ ಜೆಸಿಟಿಗಿಂತ ಎಷ್ಟೋ ಪಟ್ಟು ಸಾಲ ಇದ್ದಿರಬೇಕು, ಆದರೂ ಸಾಯಲಿಲ್ಲ.

— ಸಾಯಲಿಲ್ಲ, ಆದರೆ ಮೂರನೇ ದರ್ಜೆಗೆ ಹೋಯಿತು.

— ಹೋದದ್ದೂ ಎಂಥಾ ವಿಚಿತ್ರವಾಗಿ! 20 ಜುಲೈ 2020, ಕೋವಿಡ್ ಕಾಲ, ಎರಡನೇ ದರ್ಜೆಯ ಕೊನೇ ದಿನ. ಆಡೋಕೆ ಬಂದ ಫುಯೆನ್ಲಬ್ರಾದಾ ತಂಡದಲ್ಲೇ ಸೋಂಕು. ಪಂದ್ಯ ನಿಂತಿತು. ಬೇರೆ ಮೈದಾನಗಳಲ್ಲಿ ಆಟ ಮುಂದುವರಿಯಿತು. ಆ ಫಲಿತಾಂಶಗಳಿಂದಲೇ ಇವರು ಕೆಳಗೆ ಹೋದರು, ಅವತ್ತು ಚೆಂಡು ಮುಟ್ಟದೆ. ಆಗಸ್ಟ್‌ನಲ್ಲಿ ಅದೇ ಪಂದ್ಯ ಆಡಿಸಿದರು, ಇವರು ಗೆದ್ದರು, ಏನೂ ಪ್ರಯೋಜನ ಆಗಲಿಲ್ಲ.

— ಅಷ್ಟೊತ್ತಿಗೆ ಅಬಾಂಕಾ ತನಗೆ ಬರಬೇಕಾದ ಸಾಲವನ್ನ ಷೇರಾಗಿ ಬದಲಾಯಿಸಿಕೊಂಡು ಬಹುಪಾಲು ತನ್ನ ಕೈಗೆ ತಗೊಂಡಿತ್ತು. ಲೆಂದೊಯ್ರೊ ಊರಿಗೆಲ್ಲ ಹಂಚಿದ ಷೇರು ಈಗ ಮೂಲೆಗೆ ಸೇರಿದೆ. ಇದೂ ಅವನ ಸಾಲದ ಫಲವೇ, ಮಾವ. ಹಂಚಿದವನೂ ಅವನೇ, ಕಳೆದವನೂ ಅವನೇ.

— …ಹೂಂ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಮೂರನೇ ದರ್ಜೆಯಲ್ಲಿ ರಿಯಾಸೋರಿಗೆ ಎಷ್ಟು ಜನ ಬರ್ತಿದ್ದರು ಗೊತ್ತಾ? ಇಪ್ಪತ್ತು ಸಾವಿರ ದಾಟುತ್ತಿತ್ತು. ಎದುರಾಳಿಗಳ ಊರಿನಲ್ಲಿ ಕೆಲವು ಕಡೆ ಸಾವಿರ ಜನವೂ ಇರ್ತಿರಲಿಲ್ಲ. 2022ರಲ್ಲಿ ಅಲ್ಬಸೇತೆ ವಿರುದ್ಧ ಗೆದ್ದಿದ್ದರೆ ಮೇಲೇರುತ್ತಿದ್ದರು. ತುಂಬಿದ ಮೈದಾನದಲ್ಲಿ ಹೆಚ್ಚುವರಿ ಸಮಯದಲ್ಲಿ ಸೋತರು. ನೋಡೋಕೆ ಬರೋ ಹುಡುಗರಲ್ಲಿ ಎಷ್ಟೋ ಜನ ಮಿಲಾನ್ ಪಂದ್ಯದ ದಿನ ಹುಟ್ಟಿರಲೂ ಇಲ್ಲ. ಅವರು ಯಾಕೆ ಬರ್ತಾರೆ ಹೇಳು ನೋಡೋಣ, ನಿನ್ನ ಬ್ಯಾಲೆನ್ಸ್ ಶೀಟಿನಲ್ಲಿ ಅದಕ್ಕೆ ಕಾಲಮ್ ಇದೆಯಾ?

— ಇದೆ. ಗುಡ್‌ವಿಲ್ ಅಂತ ಬರೀತೀವಿ. ಪ್ರತೀ ವರ್ಷ ಅದರ ಬೆಲೆ ಇಳಿಸಬೇಕಾ ಅಂತ ಕೇಳ್ತೀವಿ ಕೂಡ.

— ಹಾಗಾದರೆ ಲೂಕಾಸ್ ಪೆರೆಸ್‌ನ ಯಾವ ಕಾಲಮ್ಮಿಗೆ ಹಾಕ್ತೀಯ? ಅದೇ ಊರಿನ ಹುಡುಗ. ಆರ್ಸೆನಲ್‌ಗೆ ಆಡಿದವನು. 2023ರ ಜನವರಿಯಲ್ಲಿ ಮೊದಲ ದರ್ಜೆಯ ಕಾದಿಸ್ ಬಿಟ್ಟು ಮೂರನೇ ದರ್ಜೆಯ ದೆಪೋರ್ತಿವೊಗೆ ಬಂದ. ಬಿಡುಗಡೆಯ ಹಣಕ್ಕೆ ತನ್ನ ಜೇಬಿನಿಂದಲೇ ಸುಮಾರು ಐದು ಲಕ್ಷ ಯೂರೋ ಹಾಕಿದ. ಸಂಬಳವನ್ನೂ ಎಷ್ಟೋ ಇಳಿಸಿಕೊಂಡ. 12 ಮೇ 2024, ಬಾರ್ಸಿಲೋನಾದ ಕಿರಿಯರ ತಂಡದ ವಿರುದ್ಧ ಅವನ ಫ್ರೀ ಕಿಕ್ ಗೋಲು. 1–0. ಮತ್ತೆ ಎರಡನೇ ದರ್ಜೆ.

— ಅವನು 2025ರ ಜನವರಿಯಲ್ಲಿ ಕರಾರು ಮುರಿದುಕೊಂಡು ಹಾಲೆಂಡಿನ ಪಿಎಸ್‌ವಿಗೆ ಹೋದ ಅಲ್ಲವಾ?

— ಅದನ್ನೂ ಓದಿಕೊಂಡು ಬಂದಿದ್ದೀಯ! ಹೋದ. ಹೋಗಲಿ ಬಿಡು, ಬಂದ ಕೆಲಸ ಆಗಿತ್ತು.

— ನಾನು ಅವನನ್ನ ಹೀಗಳೆಯೋಕೆ ಹೇಳಿದ್ದಲ್ಲ. ಈ ಇಡೀ ಕಥೆಯಲ್ಲಿ ತನ್ನ ಆಸೆಗೆ ತನ್ನದೇ ದುಡ್ಡು ಕೊಟ್ಟವನು ಅವನೊಬ್ಬನೇ ನನಗೆ ಕಾಣಿಸೋದು. ಅದಕ್ಕೇ ನನಗೆ ಅವನು ಇಷ್ಟ. ಉಳಿದವರ ಆಸೆಗೆಲ್ಲ ಬೇರೆ ಯಾರೋ ಕಟ್ಟಿದರು.

— ಸರಿ, ನೇರವಾಗಿ ಕೇಳ್ತೀನಿ. 1999ರಲ್ಲಿ ನೀನು ಆ ಕ್ಲಬ್ಬಿನ ಆಡಿಟರ್ ಅಂತಿಟ್ಟುಕೋ. ಲೆಂದೊಯ್ರೊ ಕಡತ ತಂದು ಮುಂದೆ ಇಟ್ಟ. ಬರಲಿರೋ ಟಿವಿ ಹಣ, ಕಟ್ಟದ ತೆರಿಗೆ, ಮಕಾಯ್‌ಗೆ ಕೊಡಬೇಕಾದ್ದು, ಎಲ್ಲ ಇದೆ. ಸಹಿ ಹಾಕ್ತಿದ್ದೆಯಾ?

— ಷರಾ ಬರೀದೆ ಹಾಕ್ತಿರಲಿಲ್ಲ. ಷರಾ ಬರೆದರೆ ಬ್ಯಾಂಕಿನವರು ಸಾಲ ಕೊಡ್ತಿರಲಿಲ್ಲ.

— ಸಾಲ ಸಿಗದಿದ್ದರೆ ಮಕಾಯ್ ಬರ್ತಿರಲಿಲ್ಲ. ಲೀಗ್ ಇಲ್ಲ, ಬರ್ನಬೇವು ಇಲ್ಲ, ಮಿಲಾನ್ ಇಲ್ಲ. ಐದಾರನೇ ಸ್ಥಾನದಲ್ಲಿ ಮರ್ಯಾದೆಯಾಗಿ ಕೂತಿರೋ ಒಂದು ತಂಡ. ಅದರ ಹೆಸರನ್ನ ನಾನು ಇವತ್ತು ಹೇಳ್ತಾನೂ ಇರಲಿಲ್ಲ, ನೀನು ಕೇಳ್ತಾನೂ ಇರಲಿಲ್ಲ.

— ನಿಜ. ಆದರೂ ಷರಾ ಬರೀತಿದ್ದೆ, ಮಾವ.